ಕೆಸರುಹಲಗೆಯೂ ಉಗ್ರಾಣವೂ

ತೀರ್ಥಹಳ್ಳಿಯಿಂದ ಕೊಪ್ಪಕ್ಕೆ ಹೋಗುವ ಬಸ್ಸಿನಿಂದ ಗಡಿಕಲ್ಲಿನಲ್ಲಿ ಇಳಿದು, ಕಾಡಿನ ನಡುವಣ ದಾರಿಯನ್ನು ಹಿಡಿದರೆ ಕುಪ್ಪಳಿ ಸಿಕ್ಕುವುದು. ಕುವೆಂಪು ಅವರು ಬಾಲ್ಯವನ್ನು ಕಳೆದ ಮನೆ ಅಲ್ಲಿದೆ. ಈಗ ಅದು ‘ಕವಿಮನೆ’ ಎಂಬ ಹೆಸರಿನ ವಸ್ತುಸಂಗ್ರಹಾಲಯ. ಅಲ್ಲಿಗೆ ಬರುವ ಯಾತ್ರಿಕರಲ್ಲಿ ಬಹುಮಂದಿ ಕವಿಯ ನೆನಪುಗಳನ್ನು ಕಣ್ತುಂಬಿಕೊಂಡು ಕವಿಶೈಲದ ಕಡೆಗೆ ಹೆಜ್ಜೆ ಹಾಕುವರು. ಮನೆಯನ್ನು ಮನೆಯಾಗಿ ನೋಡುವವರು ಕಡಿಮೆ. ಅಪರೂಪಕ್ಕೆ ಯಾರೋ ಒಬ್ಬ ಗೃಹಿಣಿ ಇಂಥ ಮನೆಯ ಕಂಬದ ಬಳಿ ನಿಂತು, “ಅಲ್ಲಾ ಅಂದ್ರೆ, ಇಷ್ಟು ಮಳೇಲಿ ಇವರು ಒದ್ದೆ ಬಟ್ಟೆಗಳನ್ನೆಲ್ಲ ಎಲ್ಲಿ ಹಾಕ್ತಿದ್ರು?” ಎಂದು ಗಂಡನನ್ನು ಕೇಳಿಯಾಳು. ಗಂಡನಲ್ಲಿ ಉತ್ತರವಿರದು. ಆದರೆ ಪ್ರಶ್ನೆ ಕ್ಷುಲ್ಲಕವಾದುದಲ್ಲ. ಮಲೆನಾಡಿನ ತೊಟ್ಟಿಮನೆಯ ಅರ್ಧ ಜಾಣ್ಮೆ ಅಡಗಿರುವುದು ಆ ಪ್ರಶ್ನೆಯ ಉತ್ತರದಲ್ಲಿಯೇ.

ಮೊದಲು ಮಳೆಯ ಅಳತೆ ತಿಳಿಯಬೇಕು. ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ 1,000 ಮಿಲಿಮೀಟರಿನ ಆಸುಪಾಸು. ತೀರ್ಥಹಳ್ಳಿ ತಾಲ್ಲೂಕಿನದೇ ಆದ ಆಗುಂಬೆಯಲ್ಲಿ ಅದು ಸರಾಸರಿ 7,000 ಮಿಲಿಮೀಟರನ್ನು ಮೀರುವುದು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿದುಬಿಡುವುದು. ಮೃಗಶಿರೆಯಲ್ಲಿ ಹಿಡಿದ ಮಳೆ ಆರಿದ್ರೆ, ಪುನರ್ವಸು, ಪುಷ್ಯಗಳನ್ನು ದಾಟಿ ಆಶ್ಲೇಷಕ್ಕೆ ಬಂದರೂ ಬಿಸಿಲು ಮುಖ ತೋರದೆ ಹೋಗಬಹುದು. ಹಿಂದಿನ ಕಾಲದಲ್ಲಿ ಹಳ್ಳ ತುಂಬಿ ಸಂಕ ಕೊಚ್ಚಿಹೋದರೆ ಪೇಟೆಯ ದಾರಿ ಮುಚ್ಚಿದಂತೆಯೇ. ಹೀಗಾಗಿ ಮನೆ ಕಟ್ಟುವವನ ಮುಂದೆ ಎರಡು ಚಿಂತೆಗಳಿದ್ದವು: ಹೊರಗಿನ ಕೆಸರು ಒಳಗೆ ಬಾರದಂತೆ ತಡೆಯುವುದು ಹೇಗೆ? ಒಳಗಿನ ಆಹಾರ ನಾಲ್ಕು ತಿಂಗಳು ಕೆಡದಂತೆ ಕಾಯುವುದು ಹೇಗೆ?

ಮೊದಲನೆಯ ಚಿಂತೆಗೆ ಪರಿಹಾರ ಅಂಗಳದಲ್ಲಿಯೇ ಆರಂಭವಾಗುವುದು. ಮೆಟ್ಟಿಲ ಪಕ್ಕದಲ್ಲಿ ನೀರು ತುಂಬಿದ ಕಲ್ಲುಮರಿಗೆ, ಅದರ ಮೇಲೊಂದು ಚೆಂಬು, ಕಾಲನ್ನು ಉಜ್ಜಲು ಒಂದು ಒರಟು ಕಲ್ಲು. ಸೂರು ಗೋಡೆಗಿಂತ ಬಹಳ ಮುಂದಕ್ಕೆ ಚಾಚಿರುವುದರಿಂದ ಕಾಲು ತೊಳೆಯುವವನ ತಲೆ ನೆನೆಯದು. ಅಲ್ಲಿಂದ ಮೇಲೇರಿದರೆ ಜಗಲಿ. ಜಗಲಿಯ ಅಂಚಿಗೆ ಹಾಸಿದ ದಪ್ಪ ಹಲಗೆಗೆ ಆ ಸೀಮೆಯಲ್ಲಿ ಕೆಸರುಹಲಗೆ ಎನ್ನುವರು. ಹೆಸರಿನಲ್ಲಿಯೇ ಕೆಸರಿದೆ! ಗದ್ದೆಯಿಂದ ಬಂದವನು ಅದರ ಮೇಲೆ ಕುಳಿತು, ಕಾಲ ಬೆರಳುಗಳ ಸಂದಿಯಲ್ಲಿ ಇಂಬಳ ಕಚ್ಚಿದೆಯೇ ಎಂದು ನೋಡಿಕೊಳ್ಳುವನು. ಕಚ್ಚಿದ್ದರೆ ಒಂದು ಚಿಟಿಕೆ ಉಪ್ಪು, ಇಲ್ಲವೆ ಎಲೆಯಡಿಕೆಯ ತಟ್ಟೆಯ ಸುಣ್ಣ. ಇಂಬಳ ತಾನಾಗಿಯೇ ಕಳಚಿ ಬೀಳುವುದು.

ಗೋಡೆಯ ಗೂಟಗಳಲ್ಲಿ ಕಂಬಳಿಕೊಪ್ಪೆಗಳು, ಮೂಲೆಯಲ್ಲಿ ಬಿದಿರು ಮತ್ತು ಎಲೆಗಳಿಂದ ಹೆಣೆದ ಗೊರಬುಗಳು. ಉಣ್ಣೆಯ ಕಂಬಳಿ ನೆನೆದರೂ ಮೈಗೆ ಬೆಚ್ಚಗಿರುವುದು. ಆದರೆ ನೆನೆದ ಕಂಬಳಿ ಗೂಟದಲ್ಲಿ ಒಣಗುವಂಥದಲ್ಲ. ನೀರಿಳಿದ ಮೇಲೆ ಅದು ಬಚ್ಚಲುಮನೆಗೆ ಹೋಗುವುದು. ಅಲ್ಲಿ ದೊಡ್ಡ ಹಂಡೆಯ ಕೆಳಗೆ ಮಳೆಗಾಲವೆಲ್ಲ ಆರದ ಬೆಂಕಿ. ಒಲೆಯ ಮೇಲಣ ಗಳುಗಳಲ್ಲಿ ಕಂಬಳಿ, ಪಂಚೆ, ಮಕ್ಕಳ ಬಟ್ಟೆಗಳು ಹೊಗೆಯ ವಾಸನೆಯನ್ನು ಹೀರಿಕೊಳ್ಳುತ್ತ ಮೆಲ್ಲಗೆ ಒಣಗುವುವು. ಗೃಹಿಣಿಯ ಪ್ರಶ್ನೆಗೆ ಉತ್ತರ ಇಲ್ಲಿದೆ.

ಎರಡನೆಯ ಚಿಂತೆಗೆ ಉತ್ತರ ಉಗ್ರಾಣ. ಸಾಮಾನ್ಯವಾಗಿ ಅಡಿಗೆಮನೆಗೆ ತಾಗಿರುವ ಈ ಕೋಣೆಗೆ ಕಿಟಕಿ ಚಿಕ್ಕದು, ಬಾಗಿಲು ಗಿಡ್ಡ, ಬೆಳಕು ಮಂದ. ಹೊರಗಿನವನಿಗೆ ಅದು ಕತ್ತಲೆಯ ಗೂಡು. ಮನೆಯೊಡತಿಗೆ ಕಣ್ಣು ಮುಚ್ಚಿಯೂ ಓದಬಲ್ಲ ಪುಸ್ತಕ. ಭತ್ತದ ಕಣಜ ನೆಲಕ್ಕೆ ತಾಗದಂತೆ ಮರದ ತೊಲೆಗಳ ಮೇಲೆ ನಿಂತಿರುವುದು. ಗೋಡೆಯ ಉದ್ದಕ್ಕೆ ಹಾಸಿದ ಹಲಗೆಯ ಮೇಲೆ ಬಾಯಿಗೆ ಬಟ್ಟೆ ಕಟ್ಟಿದ ಭರಣಿಗಳು: ಉಪ್ಪುನೀರಿನಲ್ಲಿ ಮುಳುಗಿದ ಮಾವಿನ ಮಿಡಿ, ಹಲಸಿನ ತೊಳೆ, ವಾಟೆಹುಳಿ, ಜೋನಿಬೆಲ್ಲ. ಮೀನುಂಬ ಮನೆಗಳಲ್ಲಿ ಘಟ್ಟದ ಕೆಳಗಿನಿಂದ ಬಂದ ಒಣಮೀನಿಗೆ ಬೇರೆಯೇ ಮೂಲೆ. ಜಂತಿಯಿಂದ ಬಾಳೆನಾರಿನಲ್ಲಿ ನೇತುಹಾಕಿದ ಬಣ್ಣದ ಸೌತೆಗಳು, ಒಂದಕ್ಕೊಂದು ತಾಗದಂತೆ. ತಾಗಿದರೆ ಒಂದರ ಕೊಳೆ ಇನ್ನೊಂದಕ್ಕೆ ಹತ್ತುವುದು. ತೇವವನ್ನು ಹೀರಿ ನೀರಾಗುವ ಉಪ್ಪು ಮಾತ್ರ ಉಗ್ರಾಣದಲ್ಲಿ ನಿಲ್ಲದು. ಮರದ ಮರಿಗೆಯಲ್ಲಿ ಕುಳಿತು ಒಲೆಯ ಬಳಿ ಬೆಚ್ಚಗಿರುವುದು. ಒಲೆಯ ಮೇಲಿನ ಅಟ್ಟಕ್ಕೆ ಹೊಗೆಯೇ ಕಾವಲು. ಹಪ್ಪಳ, ಸಂಡಿಗೆಯ ಡಬ್ಬಿಗಳಿಗೂ ಬಿತ್ತನೆಯ ಬೀಜಗಳಿಗೂ ಅಲ್ಲಿ ಬೂಷ್ಟಿನ ಭಯವಿಲ್ಲ.

ಈ ಅಚ್ಚುಕಟ್ಟು ಒಂದು ದಿನದ್ದಲ್ಲ. ಮಾರ್ಚ್‌ನಲ್ಲಿ ಮಿಡಿ, ಏಪ್ರಿಲ್‌, ಮೇ ತಿಂಗಳ ಬಿಸಿಲಿಗೆ ಹಲಸಿನ ಹಪ್ಪಳ, ಮಜ್ಜಿಗೆ ಮೆಣಸು; ಮೊದಲ ಗುಡುಗಿಗೆ ಮುನ್ನ ಒಣ ಸೌದೆ ಕೊಟ್ಟಿಗೆ ಸೇರಬೇಕು. ಮೊದಲು ಬೇಕಾಗುವುದು ಮುಂದೆ, ಕೊನೆಗೆ ಬೇಕಾಗುವುದು ಹಿಂದೆ. ಒದ್ದೆ ಕೈ ಭರಣಿಯೊಳಗೆ ಇಳಿಯಕೂಡದು. ಮಗುವೊಂದು ಮರೆತು ಒದ್ದೆ ಸೌಟನ್ನು ಅದ್ದಿದರೆ ಇಡೀ ಭರಣಿಯ ಮಿಡಿಗೆ ಬೂಷ್ಟು ಹತ್ತುವುದು. ಆಷಾಢದಲ್ಲಿ ಇನ್ನೊಂದು ಮಿಡಿಯನ್ನು ತರುವುದೆಲ್ಲಿಂದ?

ಇಷ್ಟನ್ನು ಹೇಳಿ ಹಳೆಯ ಮನೆಯನ್ನು ಹೊಗಳಿ ಮುಗಿಸಿದರೆ ಸತ್ಯದ ಅರ್ಧವನ್ನು ಉಗ್ರಾಣದಲ್ಲಿಯೇ ಬಚ್ಚಿಟ್ಟಂತಾದೀತು. ಆ ಬೀಗದ ಕೈ ಯಾರ ಸೊಂಟದಲ್ಲಿತ್ತೋ ಮನೆಯ ಆಳ್ವಿಕೆ ಅವಳದಾಗಿತ್ತು. ಅತ್ತೆಯ ಸೊಂಟದಿಂದ ಸೊಸೆಯ ಸೊಂಟಕ್ಕೆ ಅದು ದಾಟಲು ಕೆಲವೊಮ್ಮೆ ಒಂದು ಆಯುಷ್ಯವೇ ಬೇಕಾಗುತ್ತಿತ್ತು. ಕೂಲಿಯ ಭತ್ತವನ್ನು ಅಳೆದು ಕೊಡುತ್ತಿದ್ದುದೂ ಇಂಥ ಕಣಜಗಳಿಂದಲೇ. ಆ ಭತ್ತವನ್ನು ಬೆಳೆದವರಲ್ಲಿ ಎಷ್ಟೋ ಮಂದಿ ಜಾತಿಯ ಕಾರಣದಿಂದ ಕೆಸರುಹಲಗೆಯನ್ನು ಹತ್ತುವಂತಿರಲಿಲ್ಲ. ಕಾಲು ತೊಳೆದರೂ ಅವರು ಸೂರಿನ ಕೆಳಗೇ ನಿಲ್ಲಬೇಕಿತ್ತು. 1936ರ ‘ಕಾನೂರು ಹೆಗ್ಗಡಿತಿ’ಯನ್ನೂ 1967ರ ‘ಮಲೆಗಳಲ್ಲಿ ಮದುಮಗಳು’ವನ್ನೂ ಓದಿದವರಿಗೆ ಈ ಲೋಕ ಅಪರಿಚಿತವಲ್ಲ. ಕೆಸರನ್ನು ತಡೆಯಲೆಂದು ಎಳೆದ ಗೆರೆ ಮನುಷ್ಯನನ್ನೂ ತಡೆಯಿತು.

ಇಂದು ಪೇಟೆಯ ಕೆಲಸದಿಂದ ನಿವೃತ್ತರಾಗಿ ಊರಿಗೆ ಮರಳುವವರು, ತೋಟದ ನಡುವೆ ಹೊಸ ಮನೆ ಕಟ್ಟುವ ತರುಣರು ಮಲೆನಾಡಿನಲ್ಲಿ ಹಲವರು. ನುಣುಪಾದ ಟೈಲ್ಸಿನ ಹಜಾರಕ್ಕೆ ಬಾಗಿಲು ನೇರವಾಗಿ ತೆರೆಯುವುದು. ಜೂನ್ ಬಂದೊಡನೆ ರೈನ್‌ಕೋಟು ಕುರ್ಚಿಯ ಬೆನ್ನೇರುವುದು, ಗಂಬೂಟು ಸೋಫಾದ ಪಕ್ಕದಲ್ಲಿ ನೀರು ಕಾರುವುದು, ಬಂದ ನೆಂಟನು ಜಾರುವನು. ಅವರು ಹಳೆಯ ಮನೆಯಿಂದ ಕಲಿಯಬೇಕಾದುದು ಅಲಂಕಾರದ ಕಂಬಗಳನ್ನಲ್ಲ. ಉದ್ದನೆಯ ಸೂರು, ಹೊರಗೊಂದು ನಲ್ಲಿ, ಹೊರಗೇ ಇಳಿಜಾರಾಗಿ ನೀರು ಹರಿದುಹೋಗುವ ಒರಟು ಕಲ್ಲಿನ ನೆಲ, ಕುಳಿತು ಬೂಟು ಕಳಚಲು ಒಂದು ಹಲಗೆ, ಆಳಿಗೊಂದು ಗೂಟ, ನೀರೊಲೆಯ ಶಾಖ ತಾಗುವಲ್ಲಿ ಬಟ್ಟೆಯ ಗಳು. ಉಗ್ರಾಣಕ್ಕೆ ಅಡಿಗೆಮನೆಯ ಮಗ್ಗುಲು, ಎತ್ತರದಲ್ಲಿ ಇಲಿ ನುಗ್ಗದ ಜಾಲರಿಯ ಗವಾಕ್ಷಿ, ನೆಲ ಗೋಡೆಗಳಿಗೆ ತಾಗದ ಹಲಗೆಗಳು. ಹಲಗೆಯ ಅಗಲ ಒಂದು ಭರಣಿಯಷ್ಟಿದ್ದರೆ ಸಾಕು. ಅದಕ್ಕಿಂತ ಅಗಲವಾದರೆ ಹಿಂದಿನ ಸಾಲು ಮರೆತುಹೋಗುವುದು.

ಇಷ್ಟು ಮಾಡಿದರೆ ಕೆಸರು ಹೊರಗೆ ಉಳಿದೀತು, ಅನ್ನ ಒಳಗೆ ಉಳಿದೀತು. ಕೊನೆಗೊಂದು ಮಾತು ಮಾತ್ರ ಬಾಕಿ. ಆ ಹಲಗೆಯನ್ನು ಮನೆಯವರಷ್ಟು ಜನಕ್ಕೇ ಸಾಲುವಂತೆ ಅಳೆದು ಮಾಡಿಸದೆ, ಇನ್ನೂ ಒಂದೆರಡು ಮೊಳ ಉದ್ದವಾಗಿ ಮಾಡಿಸಬೇಕು. ಗೂಟಗಳನ್ನೂ ಎರಡು ಹೆಚ್ಚಾಗಿ ಹೊಡೆಸಬೇಕು. ಗದ್ದೆಯ ಕೆಲಸಕ್ಕೆ ಬಂದವರೂ ಅಲ್ಲಿಯೇ ಕಾಲು ತೊಳೆದು, ಕೊಪ್ಪೆಯನ್ನು ಅದೇ ಸಾಲಿನ ಗೂಟಕ್ಕೆ ತೂಗುಹಾಕಿ, ಒಳಗೆ ಬಂದು ಮನೆಯವರೊಡನೆ ಕಾಫಿ ಕುಡಿಯುವಂತಾಗಬೇಕು.