ಹಕ್ಕಲಾಯ್ದ ಧ್ವನಿ

ರಾಜೂರಿನ ಒಂದು ಮನೆಯಲ್ಲಿ, ತೀರಿಹೋದ ಹಿರಿಯರ ಭಜನೆಯ ಧ್ವನಿಯೂ ಮನೆಮಂದಿಯ ಚಿತ್ರಗಳೂ ಒಂದೇ ನೆಟ್‌ವರ್ಕ್ ಹಾರ್ಡ್‌ಡಿಸ್ಕ್ ಪೆಟ್ಟಿಗೆಯಲ್ಲಿದ್ದವು. ಒಳಗಿನ ಎರಡು ಡಿಸ್ಕುಗಳಲ್ಲಿ ಒಂದು ಮತ್ತೊಂದರ ಪ್ರತಿಬಿಂಬ. ಎರಡಿರುವಾಗ ಭಯವೇನೆಂದು ಯಜಮಾನರು ನಿಶ್ಚಿಂತರಾಗಿದ್ದರು. ಒಂದಿರುಳು ವಿದ್ಯುತ್ತು ಹೋಗಿ ಮರಳಿದ ಮೇಲೆ ಪೆಟ್ಟಿಗೆ ಏಳಲೇ ಇಲ್ಲ.

ಮಗನು ಒಂದು ಡಿಸ್ಕನ್ನು ಕಳಚಿ ತನ್ನ ಗಣಕಯಂತ್ರಕ್ಕೆ ಜೋಡಿಸಿದನು. ಫಾರ್ಮ್ಯಾಟ್ ಮಾಡಬೇಕೆಂದು ವಿಂಡೋಸ್ ಸೂಚಿಸಿತು. ಲಿನಕ್ಸಿನ ಬರಹವನ್ನು ಅದು ಓದಲಾರದು. ತಾನರಿಯದುದನ್ನು ಬರಿದೆಂದೇ ಬಗೆಯುವದು. “ತಡಿ ತಮ್ಮಾ, ಒತ್ತಬ್ಯಾಡ” ಎಂದು ತಂದೆ ಕೈ ಹಿಡಿದರು.

ಬಳಿಕ ಲಿನಕ್ಸ್ ಯಂತ್ರದಲ್ಲಿ, ಮೂಲಕ್ಕೆ ಒಂದಕ್ಷರವನ್ನೂ ಬರೆಯದೆ, ಡಿಡಿರೆಸ್ಕ್ಯೂ ಎಂಬ ಸಾಧನದಿಂದ ಇಡಿಯ ಡಿಸ್ಕಿನ ಪ್ರತಿ ತೆಗೆದರು. ಅದು ಸುಲಭವಾಗಿ ದೊರೆವುದನ್ನು ಮೊದಲು ಕೊಯ್ದುಕೊಂಡು, ಕೆಟ್ಟ ಭಾಗಗಳಿಗೆ ಮರಳಿ ಮರಳಿ ಬಂದು ಹಕ್ಕಲಾಯುವದು. ಮೂರನೆಯ ದಿನ ಹಿರಿಯರ ಧ್ವನಿ ಕೇಳಿಸಿತು. ನಡುವೆ ಒಂದು ನುಡಿ ಮಾತ್ರ ಹರಿದಿದ್ದಿತು.

ಫ. ಗು. ಹಳಕಟ್ಟಿಯವರು ತಾಡವೋಲೆಗಳನ್ನರಸಿ 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದರು. ವಚನಗಳು ಅವರ ಕೈಸೇರುವವರೆಗೆ ಉಳಿದುದು ಓಲೆಯ ಗಟ್ಟಿತನದಿಂದಲ್ಲ; ಹಲವು ಮನೆ ಮಠಗಳಲ್ಲಿ ಪ್ರತಿಯಾಗಿದ್ದುದರಿಂದ. ಒಂದೇ ಪೆಟ್ಟಿಗೆಯ ಎರಡು ಪ್ರತಿಗಳು ಒಂದಕ್ಕೇ ಸಮ. ಆ ಧ್ವನಿಯ ಪ್ರತಿಯೊಂದು ಈಗ ಗಜೇಂದ್ರಗಡದಲ್ಲಿ ಮಗಳ ಮನೆಯಲ್ಲಿಯೂ ಇದೆ.