ಎಷ್ಟು ಕೊಡುತ್ತೆ?

ಹೊಸ ಗಾಡಿ ಮನೆಗೆ ಬಂದರೆ, ಪೂಜೆಯ ನಿಂಬೆಹಣ್ಣು ಚಕ್ರದಡಿ ಅಪ್ಪಚ್ಚಿಯಾಗುವ ಮೊದಲೇ ಯಾರಾದರೊಬ್ಬರು ಕೇಳಿಬಿಡುತ್ತಾರೆ: ‘ಎಷ್ಟು ಕೊಡುತ್ತೆ?’ ಸಕಲೇಶಪುರದ ಹತ್ತಿರ ತೋಟ ಮಾಡಿಕೊಂಡಿರುವ ನನ್ನ ಅಕ್ಕನ ಮಗ ತನ್ನ ಪಿಕಪ್ಪಿನ ವಿಷಯದಲ್ಲಿ ಈ ಪ್ರಶ್ನೆಗೆ ಕಾದು ಕೂತಿರುತ್ತಿದ್ದ. ‘ಡೀಸೆಲ್ ಮಾಮ, ಹನ್ನೆರಡು ಗ್ಯಾರಂಟಿ.’ ಮಳೆಗಾಲಕ್ಕೆ ಮುಂಚೆ ಕಂಪನಿಯ ಟೈರು ಬಿಚ್ಚಿಸಿ, ಮೊಸಳೆ ಬೆನ್ನಿನಂಥ ಮಡ್ ಟೈರು ಹಾಕಿಸಿದ. ಅಂದಿನಿಂದ ಮೈಲೇಜಿನ ಮಾತೆತ್ತಿದರೆ ಕಾಫಿ ರೇಟಿನ ಕಡೆ ಹೊರಳುತ್ತಾನೆ. ಗುಟ್ಟು ಬಿಟ್ಟವಳು ಅಕ್ಕ: ‘ಹತ್ತಕ್ಕೆ ಇಳಿದಿದೆಯಂತೆ ಕಣೋ.’

ಪಾಪ, ಆ ಟೈರುಗಳ ಮೇಲೆ ಹೊರಿಸಿದ ಅಪವಾದದಲ್ಲಿ ಅರ್ಧ ಸುಳ್ಳು. ಹಳೆಯದು 245/70 ಆರ್16. ನೆಲದಿಂದ ನೆತ್ತಿಗೆ ಸುಮಾರು 75 ಸೆಂಟಿಮೀಟರ್. ಹೊಸದು 285/75 ಆರ್16, 83 ದಾಟುತ್ತದೆ. ಹಳೆಯದು ಒಂದು ಕಿಲೋಮೀಟರಿಗೆ ಸುಮಾರು 425 ಸುತ್ತು ಹಾಕುತ್ತಿತ್ತು, ಹೊಸದಕ್ಕೆ 382 ಸಾಕು. ಗಾಡಿಯ ಮೀಟರಿಗೆ ಈ ಬಡ್ತಿಯ ಸುದ್ದಿಯನ್ನು ಯಾರೂ ಮುಟ್ಟಿಸಿಲ್ಲ. ಅದು ಹಳೇ ಲೆಕ್ಕದಲ್ಲೇ ಸುತ್ತು ಎಣಿಸಿ 100 ಕಿಲೋಮೀಟರ್ ಎಂದು ತೋರಿಸುವಾಗ ಗಾಡಿ 111 ಓಡಿರುತ್ತದೆ. ಹಾಗಾಗಿ ಹುಡುಗನ ಹತ್ತು ನಿಜದಲ್ಲಿ ಹನ್ನೊಂದರ ಮೇಲೆ. ಎರಡು ಹೋಯಿತೆಂದು ಮನೆಯವರೆಲ್ಲ ಬೈದದ್ದರಲ್ಲಿ ಒಂದಕ್ಕೂ ಮಿಕ್ಕಿ ಮೀಟರಿನ ಕಳ್ಳಲೆಕ್ಕ.

ಇದನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಅವನ ಮುಖ ಅರಳಿತು. ಹಾಗೆಂದು ಪೂರ್ತಿ ಬಿಡುಗಡೆ ಕೊಡಲಾಗದು. ಉಳಿದ ನಷ್ಟ ಅಸಲಿ, ಅದಕ್ಕೆ ಕಾರಣ ಒಂದೆರಡಲ್ಲ. ಮೊದಲನೆಯದು ಟೈರಿನ ತೂಕ. ಟ್ರೇಯಲ್ಲಿರುವ ಮೂಟೆಯನ್ನು ಮುಂದಕ್ಕೆ ಎಳೆದುಕೊಂಡು ಹೋದರೆ ಮುಗಿಯಿತು. ಚಕ್ರದ ಅಂಚಿನಲ್ಲಿ ಸೇರಿದ ರಬ್ಬರನ್ನು ಮುಂದಕ್ಕೂ ಒಯ್ಯಬೇಕು, ಗರಗರ ತಿರುಗಿಸಲೂ ಬೇಕು. ವೇಗ ಹಿಡಿಯುವಾಗ ಆ ತೂಕ ಹೆಚ್ಚುಕಡಿಮೆ ಎರಡರಷ್ಟಾಗಿ ಎಂಜಿನ್ನಿನ ಮೇಲೆ ಬೀಳುತ್ತದೆ. ಒಂದೇ ವೇಗದಲ್ಲಿ ಹೋಗುತ್ತಿದ್ದರೆ ಇದು ಗೊತ್ತೇ ಆಗುವುದಿಲ್ಲ. ಶಿರಾಡಿ ಘಾಟಿಯಲ್ಲಿ ತಿರುವಿಗೊಮ್ಮೆ ಬ್ರೇಕ್, ಮತ್ತೆ ಸೆಕೆಂಡ್ ಗೇರು, ಮುಂದೊಂದು ಲಾರಿ... ಅಲ್ಲಿ ಪ್ರತಿ ಸಲವೂ ದಂಡ ಕಟ್ಟಬೇಕು.

ಇನ್ನೊಂದು ನಷ್ಟವನ್ನು ಕೈಯಲ್ಲೇ ಮುಟ್ಟಿ ನೋಡಬಹುದು. ಅವನು ಹಾಸನದಿಂದ ಬಂದು ಗಾಡಿ ನಿಲ್ಲಿಸಿದೊಡನೆ ಟೈರಿನ ಮೇಲೆ ಅಂಗೈ ಇಟ್ಟೆ. ಜ್ವರ ಬಂದ ಮಗುವಿನ ಹಣೆಗಿಂತ ಬಿಸಿ. ನೆಲ ಮುಟ್ಟುವ ಜಾಗದಲ್ಲಿ ರಬ್ಬರು ಮಡಚಿ, ಬಿಟ್ಟಾಗ ಚಾಚಿಕೊಳ್ಳುತ್ತದೆ. ಪಡೆದ ಶಕ್ತಿಯನ್ನೆಲ್ಲ ಅದು ವಾಪಸ್ಸು ಕೊಡುವುದಿಲ್ಲ. ಉಳಿಸಿಕೊಂಡದ್ದೇ ಈ ಬಿಸಿ. ಬಂಕಿನಲ್ಲಿ ಕಾಸು ಕೊಟ್ಟು ತುಂಬಿಸಿದ ಡೀಸೆಲ್ಲಿನ ಒಂದು ಪಾಲು ನನ್ನ ಅಂಗೈಗೆ ತಗುಲುತ್ತಿತ್ತು. ಟೈರಿನ ಹಲ್ಲು ದಪ್ಪವಿದ್ದಷ್ಟೂ, ಗಾಳಿ ಕಡಿಮೆಯಿದ್ದಷ್ಟೂ ಆ ಪಾಲು ಹೆಚ್ಚು. ಸಾಧಾರಣ ಕಾರುಗಳಲ್ಲಿ ಟೈರಿನ ಈ ಉರುಳುವ ಅಡ್ಡಿ ನೂರಕ್ಕೆ ಹತ್ತು ಇಳಿದರೆ ಮೈಲೇಜು ನೂರಕ್ಕೆ ಒಂದೆರಡು ಏರುತ್ತದೆಂದು ಅಮೆರಿಕದ ಟ್ರಾನ್ಸ್‌ಪೋರ್ಟೇಶನ್ ರಿಸರ್ಚ್ ಬೋರ್ಡ್ 2006ರಲ್ಲಿ ಅಂದಾಜು ಮಾಡಿತ್ತು. ನಮ್ಮ ಹುಡುಗ ಹೊರಟದ್ದು ಅದರ ವಿರುದ್ಧ ದಿಕ್ಕಿಗೆ. ಸಾಲದ್ದಕ್ಕೆ ಕೆಸರಿಗೆಂದು ಇಳಿಸಿದ ಗಾಳಿಯನ್ನು ಟಾರು ರಸ್ತೆಗೆ ಬಂದ ಮೇಲೆ ತುಂಬಿಸುವ ವ್ಯವಧಾನ ಯಾರಿಗಿದೆ?

ನಾನು ಹುಡುಗನಾಗಿದ್ದಾಗ ಮಲೆನಾಡಿನ ಜೀಪುಗಳ ಟೈರು 6.00-16. ಆರೇ ಅಂಗುಲ ಅಗಲ, ಬಡಕಲು. ಮೇಲಿನ ಗೊಜ್ಜಿನಂಥ ಕೆಸರನ್ನು ಸೀಳಿಕೊಂಡು ಕೆಳಗಿನ ಗಟ್ಟಿ ನೆಲಕ್ಕೆ ಕಚ್ಚುತ್ತಿದ್ದವು. ಆಷಾಢದಲ್ಲಿ ಹಿಂದಿನ ಚಕ್ರಕ್ಕೆ ಕಬ್ಬಿಣದ ಚೈನು. ತೋಟದ ಗೇಟಿನ ಹತ್ತಿರ ಡ್ರೈವರು ಮಳೆಯಲ್ಲೇ ಕುಕ್ಕರಗಾಲಲ್ಲಿ ಕೂತು, ಹಲ್ಲಿನಲ್ಲಿ ಬೀಡಿ ಕಚ್ಚಿಕೊಂಡು ಕೊಂಡಿ ಸಿಕ್ಕಿಸುತ್ತಿದ್ದ. ಟಾರು ಸಿಕ್ಕಿದೊಡನೆ ಬೈದುಕೊಂಡೇ ಬಿಚ್ಚುತ್ತಿದ್ದ. ನನಗೆ ಆ ಬಿಚ್ಚುವ ಗುಣವೇ ಇಷ್ಟ. ಅಕ್ಕನ ಮಗನ ಮನೆಗೆ ಮಣ್ಣಿನ ದಾರಿ ಎರಡೇ ಕಿಲೋಮೀಟರ್, ಅದೂ ಮಳೆಗಾಲದಲ್ಲಿ ಮಾತ್ರ ಕಷ್ಟ. ಮಿಕ್ಕದ್ದೆಲ್ಲ ಟಾರು, ಅದರ ಮೇಲೆ ವರ್ಷಪೂರ್ತಿ ಗುಂಯ್ ಎಂದು ಗುಂಗುರು ಹಾಡುವ ಟೈರು. ಚೈನು ಸಾಕಿತ್ತಲ್ಲೋ ಎಂದರೆ, ‘ನೋಡೋಕೆ ಚೆನ್ನಾಗಿರಬೇಕಲ್ಲ ಮಾಮ’ ಎಂದ. ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ನಿಂತ ಗಾಡಿ ನಿಜಕ್ಕೂ ಚೆನ್ನಾಗಿ ಕಾಣುತ್ತದೆ.

ಸದ್ಯದ ತಕರಾರು ಸ್ಟೆಪ್ನಿಯದು. ನಾಲ್ಕರ ಜೊತೆ ಐದನೆಯದನ್ನೂ ಅದೇ ಅಳತೆಯಲ್ಲಿ ತಂದ, ಸರಿಯಾದ ಕೆಲಸ. ಆದರೆ ಅದು ಗಾಡಿಯ ಹೊಟ್ಟೆಯಡಿಯ ಜಾಗದಲ್ಲಿ ಹಿಡಿಸದೆ ಟ್ರೇಯ ನಡುವೆ ಬಂದು ಮಲಗಿದೆ. ಮೊನ್ನೆ ಕಾಫಿ ಮೂಟೆ ಕ್ಯೂರಿಂಗಿಗೆ ಹೋಗಬೇಕಿತ್ತು. ಜಾಗ ಸಾಲದೆ ಮೂರು ಮೂಟೆಯನ್ನು ಪಕ್ಕದ ತೋಟದವರ ಹಳೇ ಜೀಪಿನಲ್ಲಿ ಕಳಿಸಿದರು. ಬಾಡಿಗೆ ಬೇಡವೆಂದರಂತೆ ಅವರು. ಡೀಸೆಲ್ಲಿಗೆ ಮಾತ್ರ ತೆಗೆದುಕೊಂಡರಂತೆ.