ತುಂಬದೇ ಹೋದ ಒಂದು ಅರ್ಜಿ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದ್ದಳು. ಈಗ ಆಕೆಯೂ ಚಿಂತಾಮಣಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಶಿಕ್ಷಕಿ. ಕುಶಲ ವಿಚಾರಿಸಿದ ಮೇಲೆ ಕೇಳಿದಳು: “ಮೇಷ್ಟ್ರೇ, ಈ ಸಲ ಐದನೇ ಕ್ಲಾಸಿನಲ್ಲಿ ಇಪ್ಪತ್ತೆರಡು ಮಕ್ಕಳಿದ್ದಾರೆ. ನವೋದಯ ಪರೀಕ್ಷೆಗೆ ಅರ್ಜಿ ಹಾಕಿಸಬೇಕು. ಜಾಣರು ಅಂತ ಇರೋದು ನಾಲ್ಕೈದು ಜನ. ಅವರದ್ದು ಮಾತ್ರ ತುಂಬಿಸಿದರೆ ಸಾಕಲ್ಲವಾ?”

ಆಕೆಯ ಪ್ರಶ್ನೆ ಸರಳವಾದದ್ದೇ. ಆದರೂ ನನಗೆ ತಕ್ಷಣ ಉತ್ತರ ಹೇಳಲಾಗಲಿಲ್ಲ. “ನಾಳೆ ಹೇಳುತ್ತೇನಮ್ಮ” ಎಂದೆ. ಇದೇ ಪ್ರಶ್ನೆಯನ್ನು ಮೂವತ್ತು ವರ್ಷಗಳ ಹಿಂದೆ ನನಗೆ ನಾನೇ ಹಾಕಿಕೊಂಡಿದ್ದೆ; ಕ್ಷಣಮಾತ್ರದಲ್ಲಿ ಉತ್ತರವನ್ನೂ ಕೊಟ್ಟುಕೊಂಡಿದ್ದೆ. ಆ ಉತ್ತರದ ಭಾರ ಇಂದಿಗೂ ನನ್ನ ಮೇಲಿದೆ. ಈ ಬರಹ ಅದರ ಕುರಿತು.

1994ರಲ್ಲಿ ನಾನು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿದ್ದೆ. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಅಲ್ಲಿಯವರೆಗೆ ಹನ್ನೊಂದು ತಾಲ್ಲೂಕುಗಳ ಕೋಲಾರ ಜಿಲ್ಲೆಯೇ ನಮ್ಮ ಜಿಲ್ಲೆ. ಜವಾಹರ್ ನವೋದಯ ವಿದ್ಯಾಲಯಗಳು ಜಿಲ್ಲೆಗೊಂದರಂತೆ ಇರುವುದರಿಂದ ಅಷ್ಟೂ ತಾಲ್ಲೂಕುಗಳ ಹಳ್ಳಿ ಮಕ್ಕಳು ಆರನೆಯ ತರಗತಿಯ ಕೆಲವೇ ಹತ್ತು ಸ್ಥಾನಗಳಿಗೆ ಪೈಪೋಟಿ ನಡೆಸಬೇಕಾಗಿತ್ತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಆಶಯದಿಂದ ಬೆಳೆದ ಶಾಲೆಗಳು ಇವು. ಹಳ್ಳಿಯ ಪ್ರತಿಭಾವಂತ ಮಗುವಿಗೆ ಊಟ, ವಸತಿ, ಪುಸ್ತಕ ಎಲ್ಲವನ್ನೂ ಕೊಟ್ಟು ಒಳ್ಳೆಯ ಶಿಕ್ಷಣ ನೀಡಬೇಕು ಎಂಬುದು ಉದ್ದೇಶ. ಮುಕ್ಕಾಲು ಪಾಲು ಸ್ಥಾನಗಳು ಗ್ರಾಮೀಣ ಮಕ್ಕಳಿಗೆ, ಮೂರನೆಯ ಒಂದು ಭಾಗ ಹೆಣ್ಣುಮಕ್ಕಳಿಗೆ ಮೀಸಲು. ಪರೀಕ್ಷೆಯ ರಚನೆಯಲ್ಲೂ ಆ ಕಾಳಜಿ ಕಾಣುತ್ತದೆ. ಇಂದಿನ ಪ್ರಶ್ನೆಪತ್ರಿಕೆಯ 80 ಪ್ರಶ್ನೆಗಳಲ್ಲಿ 40 ಮಾನಸಿಕ ಸಾಮರ್ಥ್ಯಕ್ಕೆ ಸೇರಿದವು. ಬರಿಯ ಚಿತ್ರಗಳು, ಅಕ್ಷರ ಓದುವ ಹಂಗಿಲ್ಲ. ಉಳಿದವು ಅಂಕಗಣಿತ ಮತ್ತು ಭಾಷೆ, ತಲಾ 20. ಆದರೆ ಒಂದು ನಿಯಮ ಮಾತ್ರ ಕಟ್ಟುನಿಟ್ಟು: ಮಗು ಐದನೆಯ ತರಗತಿಯಲ್ಲಿರುವಾಗ ಒಮ್ಮೆ ಮಾತ್ರ ಈ ಪರೀಕ್ಷೆ ಬರೆಯಬಹುದು. ಆ ವರ್ಷ ತಪ್ಪಿದರೆ ಮತ್ತೆ ಅವಕಾಶವಿಲ್ಲ.

ಆಗ ಅರ್ಜಿ ಕಾಗದದ್ದು. ಅದನ್ನು ತಂದು, ತುಂಬಿ, ತಂದೆಯ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿ ತಾಲ್ಲೂಕು ಕೇಂದ್ರಕ್ಕೆ ಒಯ್ದು ಕೊಡಬೇಕಾದವನು ನಾನೇ. ಹಾಜರಿ ಪುಸ್ತಕವನ್ನೂ ಅಂಕಗಳ ಪಟ್ಟಿಯನ್ನೂ ಮುಂದಿಟ್ಟುಕೊಂಡು ಮೂವರು ಮಕ್ಕಳನ್ನು ಗುರುತು ಮಾಡಿದೆ. ಅಂದವಾಗಿ ಬರೆಯುವವರು, ಕೇಳಿದೊಡನೆ ಕೈಯೆತ್ತುವವರು, ಪಾಠ ಒಪ್ಪಿಸುವಾಗ ಎಡವದವರು. ಆ ಮೂವರ ಅರ್ಜಿ ತುಂಬುವುದಕ್ಕೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ನನ್ನ ಕರ್ತವ್ಯ ಮುಗಿಯಿತೆಂದು ಸಮಾಧಾನಪಟ್ಟೆ.

ಅದೇ ತರಗತಿಯಲ್ಲಿ ಇನ್ನೊಬ್ಬ ಹುಡುಗನಿದ್ದ. ಮನೆಮಾತು ತೆಲುಗು. ನಮ್ಮ ಕಡೆ ಇದೇನೂ ವಿಶೇಷವಲ್ಲವೆಂದು ನೀವೆಲ್ಲ ಬಲ್ಲಿರಿ. ಬಾಗೇಪಲ್ಲಿ, ಚಿಂತಾಮಣಿ, ಗೌರಿಬಿದನೂರಿನ ಎಷ್ಟೋ ಮನೆಗಳಲ್ಲಿ ಅಡುಗೆಮನೆಯ ಭಾಷೆ ತೆಲುಗು, ಶಾಲೆಯ ಭಾಷೆ ಕನ್ನಡ. ಆ ಹುಡುಗ ಒತ್ತಕ್ಷರದಲ್ಲಿ ತಪ್ಪುತ್ತಿದ್ದ. ಕೇಳಿದ್ದಕ್ಕೆ ತಡವಾಗಿ, ತಗ್ಗಿದ ದನಿಯಲ್ಲಿ ಉತ್ತರಿಸುತ್ತಿದ್ದ. ತಿಂಗಳಲ್ಲಿ ಏಳೆಂಟು ದಿನ ಶಾಲೆಗೇ ಬರುತ್ತಿರಲಿಲ್ಲ. ರೇಷ್ಮೆ ಸಾಕುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾಲ್ಕನೇ ಜ್ವರ ಎದ್ದ ಹುಳು ತನ್ನ ಆಯುಷ್ಯದಲ್ಲಿ ತಿನ್ನುವ ಸೊಪ್ಪಿನ ಬಹುಪಾಲನ್ನು ಆ ಕೊನೆಯ ಏಳೆಂಟು ದಿನಗಳಲ್ಲೇ ತಿಂದುಬಿಡುತ್ತದೆ. ಆಗ ಮನೆಯಲ್ಲಿ ಕೈಕಾಲು ಇರುವವರೆಲ್ಲ ಸೊಪ್ಪು ಕೊಯ್ಯಬೇಕು, ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಂಕಿಗೆ ಬಿಡಬೇಕು. ಇದು ನನಗೂ ತಿಳಿದ ವಿಷಯವೇ. ತಿಳಿದೂ ಹಾಜರಿ ಪುಸ್ತಕದಲ್ಲಿ ಆ ಕಾರಣವನ್ನು ನಾನು ಓದಲಿಲ್ಲ, ಗೈರುಹಾಜರಿಯನ್ನಷ್ಟೇ ಓದಿದೆ.

ಅರ್ಜಿಯ ಕೊನೆಯ ದಿನ ಕಳೆದು ಎರಡು ವಾರವಾಗಿರಬೇಕು. ಸಂಬಳದ ಕೆಲಸವಾಗಿ ಶಿಡ್ಲಘಟ್ಟಕ್ಕೆ ಹೋಗಿದ್ದವನು ರೇಷ್ಮೆ ಗೂಡಿನ ಮಾರುಕಟ್ಟೆಯ ಬಳಿ ಹಾದುಹೋಗುತ್ತಿದ್ದೆ. ಆ ಹುಡುಗನ ತಂದೆ ಕಂಡು ಒಳಕ್ಕೆ ಕರೆದರು. ಅವರ ಲಾಟಿನ ಹರಾಜು ಆಗಷ್ಟೇ ಮುಗಿದಿತ್ತು. ತೂಕ 38 ಕಿಲೋ 400 ಗ್ರಾಂ, ಧಾರಣೆ ಕಿಲೋಗೆ 127 ರೂಪಾಯಿ. ನಾನು ಜೇಬಿನಿಂದ ಲೇಖನಿ ತೆಗೆಯುವಷ್ಟರಲ್ಲಿ ಪಕ್ಕದಲ್ಲಿ ನಿಂತಿದ್ದ ಹುಡುಗ ತೆಲುಗಿನಲ್ಲಿ ಮೊತ್ತ ಹೇಳಿಬಿಟ್ಟ: ನಾಲ್ಕು ಸಾವಿರದ ಎಂಟುನೂರ ಎಪ್ಪತ್ತಾರು ರೂಪಾಯಿ ಎಂಬತ್ತು ಪೈಸೆ. ನಾನು ಕಾಗದದ ಮೇಲೆ ಗುಣಿಸಿ ನೋಡಿದೆ. ಪೈಸೆಯೂ ತಪ್ಪಿರಲಿಲ್ಲ.

“ಹೇಗೆ ಮಾಡಿದೆಯೋ?” ಎಂದೆ. ತಪ್ಪು ಮಾಡಿದವನಂತೆ ತಲೆ ತಗ್ಗಿಸಿ ಹೇಳಿದ: “ನಲವತ್ತು ಕಿಲೋ ಅಂದುಕೊಂಡೆ ಸಾರ್. ಐದು ಸಾವಿರದ ಎಂಬತ್ತಾಯಿತು. ಒಂದು ಕಿಲೋ ಆರುನೂರು ಗ್ರಾಮು ಜಾಸ್ತಿ ಹಿಡಿದಿದ್ದೆನಲ್ಲ, ಅದರ ಇನ್ನೂರ ಮೂರು ರೂಪಾಯಿ ಇಪ್ಪತ್ತು ಪೈಸೆ ತೆಗೆದೆ.”

ಈ ವಿಧಾನವನ್ನು ನಾನು ಅವನಿಗೆ ಕಲಿಸಿರಲಿಲ್ಲ, ಪಠ್ಯಪುಸ್ತಕದಲ್ಲೂ ಅದು ಇರಲಿಲ್ಲ. ತಂದೆ ನಗುತ್ತ, “ವೀಡಿಕಿ ಲೆಕ್ಕಲು ಬಾಗಾ ವಸ್ತಾಯಿ ಸಾರ್” ಎಂದರು. ಇವನಿಗೆ ಲೆಕ್ಕ ಚೆನ್ನಾಗಿ ಬರುತ್ತದೆ ಎಂದು! ಮಗನ ವಿಷಯದಲ್ಲಿ ಆ ತಂದೆಗೆ ತಿಳಿದಿದ್ದುದು ಐದು ವರ್ಷ ಪಾಠ ಹೇಳಿದ ನನಗೆ ತಿಳಿದಿರಲಿಲ್ಲ. ನಾನು ಅವರನ್ನು ಒಮ್ಮೆಯೂ ಕೇಳಿರಲೇ ಇಲ್ಲ.

ಮರುದಿನ ತಾಲ್ಲೂಕು ಕಚೇರಿಗೆ ಹೋಗಿ ವಿಚಾರಿಸಿದೆ. ಅವಧಿ ಮುಗಿದಿತ್ತು. ಮುಂದಿನ ವರ್ಷ ಅವನು ಆರನೆಯ ತರಗತಿ. ಆ ಬಾಗಿಲು ಮುಚ್ಚಿಹೋಯಿತು. ಮುಚ್ಚಿದವನು ನಾನು.

ಆಮೇಲೆ ಈ ವಿಷಯದಲ್ಲಿ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಬುದ್ಧಿಯನ್ನು ಅಳೆಯುವ ಪರೀಕ್ಷೆಯನ್ನು ಫ್ರಾನ್ಸಿನ ಆಲ್ಫ್ರೆಡ್ ಬಿನೆ 1905ರಲ್ಲಿ ರೂಪಿಸಿದ್ದು ಜಾಣರನ್ನು ಹುಡುಕುವುದಕ್ಕಲ್ಲ, ಹೆಚ್ಚಿನ ನೆರವು ಬೇಕಾದ ಮಕ್ಕಳನ್ನು ಗುರುತಿಸುವುದಕ್ಕೆ. ನಮ್ಮ ಧಾರವಾಡದಲ್ಲಿ ವಿ. ವಿ. ಕಾಮತ್ ಅವರು ಅದನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿ 1940ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಪರದೇಶದ ಅಳತೆಗೋಲು ನಮ್ಮ ಮಕ್ಕಳಿಗೆ ನೇರವಾಗಿ ಹೊಂದುವುದಿಲ್ಲವೆಂಬ ಅರಿವು ಅಷ್ಟು ಹಿಂದೆಯೇ ಕನ್ನಡ ನಾಡಿನಲ್ಲಿ ಇತ್ತು. ಅಮೆರಿಕದ ಲೂಯಿಸ್ ಟರ್ಮನ್ 1921ರಲ್ಲಿ ಕ್ಯಾಲಿಫೋರ್ನಿಯಾದ ಪ್ರತಿಭಾವಂತ ಮಕ್ಕಳನ್ನು ಹುಡುಕಲು ಹೊರಟಾಗ ಮೊದಲು ಶಿಕ್ಷಕರಿಂದ ಹೆಸರುಗಳನ್ನು ಪಡೆದು, ಬಳಿಕ ಪರೀಕ್ಷೆ ನಡೆಸಿ, ಸಾವಿರದ ಐನೂರಕ್ಕೂ ಹೆಚ್ಚು ಮಕ್ಕಳನ್ನು ಆರಿಸಿಕೊಂಡ. ಆ ಜರಡಿಯಿಂದ ಕೆಳಗೆ ಬಿದ್ದವರಲ್ಲಿ ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವಾರೆಜ್ ಎಂಬ ಇಬ್ಬರು ಹುಡುಗರಿದ್ದರು. ಮುಂದೆ 1956ರಲ್ಲಿ ಒಬ್ಬರಿಗೆ, 1968ರಲ್ಲಿ ಇನ್ನೊಬ್ಬರಿಗೆ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ಇದನ್ನು ಓದಿ ಸಮಾಧಾನವಾಯಿತೆಂದು ಹೇಳಲಾರೆ. ಅವರಿಗೆ ಬೇರೆ ಬಾಗಿಲುಗಳಿದ್ದವು. ನಮ್ಮ ಹಳ್ಳಿಯ ಹುಡುಗನಿಗೆ ಇದ್ದದ್ದು ಒಂದೇ.

ನಮ್ಮ ನೆಲದಲ್ಲಿಯೇ ಹಿರಿಯ ಉದಾಹರಣೆಗಳಿವೆ. ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡು, ಮನೆಪಾಠ ಹೇಳಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿದ್ದರಿಂದ ಪುಣೆಗೆ ಹೋಗಿ ಇಂಜಿನಿಯರಾದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು 1935ರಲ್ಲಿ ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಸೇರಲು ಬಸ್ಸಿಗೆ ದುಡ್ಡಿಲ್ಲದೆ ನಡೆದೇ ಹೋದರು. ಮುಂದೆ ಭೌತವಿಜ್ಞಾನಿಯಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ, ತಮ್ಮೂರ ಕಡೆಗೇ ಹಿಂತಿರುಗಿ ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ಕಾಲೇಜು ಕಟ್ಟಿದರು. ಅವರ ಆತ್ಮಕಥೆ ‘ಹೋರಾಟದ ಹಾದಿ’ಯನ್ನು ನಮ್ಮ ಜಿಲ್ಲೆಯ ಪ್ರತಿಯೊಬ್ಬ ಶಿಕ್ಷಕನೂ ಓದಬೇಕು. ಇಂಥ ಕತೆಗಳನ್ನು ಹೇಳಿ, ‘ಪ್ರತಿಭೆ ಇದ್ದವನು ಹೇಗಾದರೂ ಮೇಲೆ ಬರುತ್ತಾನೆ’ ಎಂದು ನಾವು ಮೇಷ್ಟರುಗಳು ಕೈತೊಳೆದುಕೊಳ್ಳುತ್ತೇವೆ. ನಡೆದು ತಲುಪಿದವರ ಕತೆ ಮಾತ್ರ ನಮಗೆ ಗೊತ್ತು. ನಡೆಯಬೇಕೆಂದೇ ತಿಳಿಯದೆ ಊರಲ್ಲಿ ಉಳಿದವರ ಕತೆಯನ್ನು ಬರೆದವರಿಲ್ಲ.

ಗೌರಿಬಿದನೂರಿನಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದವರು 1965ರಲ್ಲಿ ಸ್ಥಾಪಿಸಿದ ಭೂಕಂಪನ ಮಾಪನ ಕೇಂದ್ರವಿದೆ. ಅಲ್ಲಿರುವುದು ಒಂದೇ ಉಪಕರಣವಲ್ಲ. ಕಿಲೋಮೀಟರುಗಟ್ಟಲೆ ಉದ್ದಕ್ಕೆ ಬೇರೆ ಬೇರೆ ಕಡೆ ನೆಲದಲ್ಲಿ ಹಲವು ಉಪಕರಣಗಳನ್ನು ಹೂಡಿದ್ದಾರೆ. ಒಂದೇ ಆಗಿದ್ದರೆ ಹತ್ತಿರದ ಗದ್ದಲದಲ್ಲಿ ದೂರದ ಸಣ್ಣ ಕಂಪನ ಮುಳುಗಿಹೋಗುತ್ತದೆ. ಎಲ್ಲವುಗಳ ದಾಖಲೆಯನ್ನು ಕೂಡಿಸಿ ನೋಡಿದಾಗ ಅದು ಕಾಣುತ್ತದೆ. ಶಾಲೆಯಲ್ಲಿ ನಾನೊಬ್ಬನೇ ಉಪಕರಣವಾಗಿದ್ದೆ. ಕೈಯೆತ್ತುವ ಮಕ್ಕಳ ಗದ್ದಲದಲ್ಲಿ ಒಂದು ತಗ್ಗಿದ ದನಿ ನನಗೆ ಕೇಳಿಸಲಿಲ್ಲ.

ಮರುವರ್ಷದಿಂದ ಕ್ರಮ ಬದಲಿಸಿದೆ. ಆಯ್ಕೆ ಮಾಡುವುದನ್ನೇ ಬಿಟ್ಟು, ಐದನೆಯ ತರಗತಿಯ ಪ್ರತಿ ಮಗುವಿಗೂ ಅರ್ಜಿ ತರಿಸಿದೆ. ಮನೆಮನೆಗೆ ಹೋಗಿ ಒಂದೇ ಪ್ರಶ್ನೆ ಕೇಳಿದೆ: “ನಿಮ್ಮ ಮಗು ಮನೆಯಲ್ಲಿ ಏನನ್ನು ಚೆನ್ನಾಗಿ ಮಾಡುತ್ತದೆ?” ಸಂಜೆ ಒಂದು ಗಂಟೆ ಚಿತ್ರದ ಪ್ರಶ್ನೆಗಳನ್ನು ಎಲ್ಲರಿಗೂ ಅಭ್ಯಾಸ ಮಾಡಿಸಿದೆ. ಮೊದಲೆರಡು ವರ್ಷ ಯಾರೂ ಆಯ್ಕೆಯಾಗಲಿಲ್ಲ, ಸಹೋದ್ಯೋಗಿಗಳು ನಕ್ಕರು. ಮೂರನೆಯ ವರ್ಷ ಒಬ್ಬಳು ಆಯ್ಕೆಯಾದಳು. ಹಳೆಯ ಕ್ರಮದಲ್ಲಿ ನಾನು ಆರಿಸಿದ್ದರೆ ಅವಳ ಹೆಸರು ಮೊದಲ ಹತ್ತರಲ್ಲೂ ಇರುತ್ತಿರಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಇದೇ ಮಾತಿಗೆ ದೂರದಿಂದ ಸಾಕ್ಷಿ ಸಿಕ್ಕಿತು. ಅಮೆರಿಕದ ಫ್ಲಾರಿಡಾ ರಾಜ್ಯದ ಬ್ರೋವಾರ್ಡ್ ಕೌಂಟಿಯ ಶಾಲೆಗಳಲ್ಲಿ 2005ರವರೆಗೆ ಶಿಕ್ಷಕರು ಅಥವಾ ಪೋಷಕರು ಹೆಸರಿಸಿದ ಮಕ್ಕಳನ್ನಷ್ಟೇ ಪ್ರತಿಭಾ ಪರೀಕ್ಷೆಗೆ ಕಳಿಸುತ್ತಿದ್ದರು. ಆ ವರ್ಷದಿಂದ ಎರಡನೆಯ ತರಗತಿಯ ಎಲ್ಲ ಮಕ್ಕಳಿಗೂ ಮೊದಲ ಸುತ್ತಿನ ಪರೀಕ್ಷೆ ಕೊಟ್ಟರು. ಆಯ್ಕೆಯ ಮಟ್ಟವನ್ನು ಇಳಿಸದೆಯೇ ಬಡ ಮನೆಗಳ, ಕಪ್ಪು ಜನಾಂಗದ, ಸ್ಪ್ಯಾನಿಷ್ ಮನೆಮಾತಿನ ಹಿನ್ನೆಲೆಯ ಮಕ್ಕಳ ಸಂಖ್ಯೆ ಬಹಳ ಹೆಚ್ಚಿತೆಂದು ಡೇವಿಡ್ ಕಾರ್ಡ್ ಮತ್ತು ಲಾರಾ ಜೂಲಿಯಾನೊ ಎಂಬ ಅರ್ಥಶಾಸ್ತ್ರಜ್ಞರು 2016ರಲ್ಲಿ ಪ್ರಕಟಿಸಿದರು. ಆ ಮಕ್ಕಳು ಮೊದಲೂ ಅಲ್ಲೇ ಇದ್ದರು. ಅವರ ಹೆಸರು ಹೇಳುವವರು ಇರಲಿಲ್ಲ, ಅಷ್ಟೆ.

ಹತ್ತು ವರ್ಷಗಳ ಹಿಂದೆ ಶಿಡ್ಲಘಟ್ಟದಲ್ಲಿ ಒಂದು ಮದುವೆಗೆ ಹೋಗಿದ್ದಾಗ ಆ ಹುಡುಗ ಎದುರಾದ. ಹುಡುಗನೆಂದೆ, ತಲೆಯಲ್ಲಿ ನರೆ ಇಣುಕುತ್ತಿತ್ತು. ಏಳನೆಯ ತರಗತಿಗೆ ಓದು ನಿಲ್ಲಿಸಿ, ಬಿಚ್ಚಾಣಿಕೆ ಕೆಲಸಕ್ಕೆ ಸೇರಿ, ಈಗ ಸ್ವಂತದ ಸಣ್ಣ ಘಟಕ ನಡೆಸುತ್ತಿದ್ದಾನೆ. ಬಿಸಿನೀರಿನಲ್ಲಿ ಬೆಂದ ಬೆರಳುಗಳಿಂದಲೇ ನನ್ನ ಕಾಲು ಮುಟ್ಟಿದ. ಊಟವಾದ ಮೇಲೆ ಪಕ್ಕಕ್ಕೆ ಕರೆದು, ಇಪ್ಪತ್ತು ವರ್ಷಗಳಿಂದ ಮನಸ್ಸಿನಲ್ಲಿದ್ದುದನ್ನು ಹೇಳಿದೆ. ನವೋದಯದ ಅರ್ಜಿಯ ವಿಷಯ, ನಾನು ಅವನ ಹೆಸರು ಬಿಟ್ಟ ವಿಷಯ.

ಅವನು ಗೊಂದಲದಿಂದ ನನ್ನ ಮುಖ ನೋಡಿದ. “ಯಾವ ಅರ್ಜಿ ಸಾರ್?” ಎಂದ.

ಅವನಿಗೆ ಅದು ಗೊತ್ತೇ ಇರಲಿಲ್ಲ. ಪರೀಕ್ಷೆಯಲ್ಲಿ ಸೋತವನಿಗೆ ಸೋತೆನೆಂಬುದಾದರೂ ತಿಳಿಯುತ್ತದೆ. ಹೆಸರೇ ಬರೆಯಿಸಿಕೊಳ್ಳದವನಿಗೆ ಅದೂ ಇಲ್ಲ. ಅವನು ನನ್ನನ್ನು ಕ್ಷಮಿಸಲೂ ಇಲ್ಲ, ದೂರಲೂ ಇಲ್ಲ. “ಮಗಳು ಎಂಟನೇ ಕ್ಲಾಸು ಸಾರ್, ಲೆಕ್ಕ ಚೆನ್ನಾಗಿ ಮಾಡ್ತಾಳೆ” ಎಂದು ಮಾತು ಬದಲಿಸಿದ. ಸರ್ಕಾರಿ ಶಾಲೆಯ ಎಂಟನೆಯ ತರಗತಿಯ ಬಡ ಮಕ್ಕಳಿಗಾಗಿ 2008ರಿಂದ ಇರುವ ಎನ್‌ಎಂಎಂಎಸ್ ವಿದ್ಯಾರ್ಥಿವೇತನದ ಪರೀಕ್ಷೆಯ ವಿವರವನ್ನು ಅಲ್ಲೇ ಮದುವೆಯ ಕರೆಯೋಲೆಯ ಹಿಂಬದಿಯಲ್ಲಿ ಬರೆದುಕೊಟ್ಟೆ. ಅವನಿಗೆ ಸಲ್ಲಬೇಕಾದುದರ ಸಾಲ ಅದರಿಂದ ತೀರಲಿಲ್ಲವೆಂದು ನನಗೆ ಗೊತ್ತು.

ಆ ಶಿಕ್ಷಕಿಗೆ ಮರುದಿನ ನಾನೇ ಕರೆ ಮಾಡಿದೆ. “ಇಪ್ಪತ್ತೆರಡು ಮಕ್ಕಳದ್ದೂ ತುಂಬಿಸಮ್ಮ” ಎಂದೆ. “ಈಗ ಅರ್ಜಿ ಅಂತರಜಾಲದಲ್ಲಿದೆ, ಶುಲ್ಕವೂ ಇಲ್ಲ. ಹೋಗುವುದು ನಿನ್ನ ಎರಡು ಸಂಜೆ ಅಷ್ಟೆ. ತುಂಬುವ ಮೊದಲು ಯಾರು ತುಂಬ ಗೈರುಹಾಜರಾಗುತ್ತಾರೋ ಅವರ ಮನೆಗೆ ಒಮ್ಮೆ ಹೋಗಿ ಬಾ.”

ಮೊನ್ನೆ ಅವಳಿಂದ ಸಂದೇಶ ಬಂತು. ಹತ್ತೊಂಬತ್ತು ಅರ್ಜಿ ಆಗಿದೆಯಂತೆ. ಉಳಿದ ಮೂರು ಮನೆಗಳಿಗೆ ಭಾನುವಾರ ಹೋಗುತ್ತಾಳಂತೆ.